ಬೇಕಾಗಿದ್ದಾರೆ

ಸಭೆ ಹತ್ತಕ್ಕೆ ಎಂದು ನೋಟೀಸಿನಲ್ಲಿ ನಾನೇ ಟೈಪು ಮಾಡಿದ್ದೆ.
ಹನ್ನೊಂದೂಕಾಲಿಗೆ ಕೋರಂ ಆಯಿತು.
ಶ್ರೀನಿವಾಸಪುರದ ಮಂಡಿಯಿಂದ ನೇರ ಬಂದ ಅಧ್ಯಕ್ಷರ ಅಂಗೈಯಲ್ಲಿ
ಇನ್ನೂ ಬಾದಾಮಿ ಮಾವಿನ ಸೊನೆ;
ಅವರು ಸಹಿ ಮಾಡಿದ ಪುಟಕ್ಕೆ
ಮುಂದಿನ ಪುಟ ಅಂಟಿಕೊಂಡಿತು.

ವಿಷಯ ಒಂದು:
ವರದರಾಜುಲು ಮೇಷ್ಟ್ರು ಮೇ ಮೂವತ್ತೊಂದಕ್ಕೆ ನಿವೃತ್ತರು.
ಸೊಸೈಟಿಯ ಏಳು ಶಾಲೆಗಳಿಗೆ
ಹೊಸ ಮೇಲ್ವಿಚಾರಕರನ್ನು ಹುಡುಕುವ ಬಗೆ.
ಬಗೆ ಮಾತ್ರ. ಹುಡುಕುವುದು ಆಮೇಲೆ.

ಪೇಪರಿನಲ್ಲಿ ಕೊಟ್ಟರೆ ಸೆಂಟಿಮೀಟರಿಗೆ ಇಷ್ಟು ಎಂದು
ಖಜಾಂಚಿ ಚೌಡಪ್ಪ ಸ್ಕೇಲು ತೆಗೆದು
ಮೇಜಿನ ಮೇಲೆ ಅಳೆದು ತೋರಿಸಿದರು:
"ಇಷ್ಟರೊಳಗೆ ಮನುಷ್ಯ ಹಿಡಿಸಬೇಕು."

ಬೆರಳುದ್ದ ಜಾಗ.
ಎಂ.ಎ., ಬಿ.ಎಡ್. ಹಿಡಿಸಿತು.
ಹದಿನೈದು ವರ್ಷದ ಅನುಭವ ಹಿಡಿಸಿತು.
"ಶಿಸ್ತು" ಸೇರಿಸಿ ಅಂದರು ಒಬ್ಬರು;
ಯಾರ ಶಿಸ್ತು ಎಂದು ಯಾರೂ ಕೇಳಲಿಲ್ಲ.
ಇಂಗ್ಲಿಷು ಚೆನ್ನಾಗಿ ಬರಬೇಕು ಎಂದು
ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸಿದರು ಅಮರನಾಥರೆಡ್ಡಿ.
ಅದಕ್ಕೆ ಅಖ್ತರುನ್ನೀಸಾ ಮೇಡಂ,
ಆ ಕೋಣೆಯಲ್ಲಿ ಪಾಠ ಮಾಡಿ ಗೊತ್ತಿದ್ದ ಒಬ್ಬರೇ ಒಬ್ಬರು,
"ರಾಯಲ್ಪಾಡಿನ ಒಂದನೇ ಕ್ಲಾಸಿನ ಮಗು
ಹೊಟ್ಟೆನೋವು ಅಂತ ಅಳೋದು ತೆಲುಗಿನಲ್ಲೇ.
ಅದು ಅರ್ಥವಾಗೋರು ಬೇಕು" ಅಂದರು.
ಬರೆದುಕೊಂಡೆ: ಸ್ಥಳೀಯ ಭಾಷೆಯ ಪರಿಚಯ ಅಪೇಕ್ಷಣೀಯ.
ಅಳು ಎಲ್ಲಿ ಹೋಯಿತೋ.

ಒಬ್ಬರ ಷಡ್ಡಕ ಮುಳಬಾಗಿಲಿನಲ್ಲಿದ್ದಾನಂತೆ, ಚಿನ್ನದಂಥವನಂತೆ.
ಇನ್ನೊಬ್ಬರಿಗೆ ಹೊರಗಿನವರೇ ಬೇಕು, ಯಾರ ನೆಂಟರೂ ಅಲ್ಲದವರು.
"ಹೊರಗಿನವನಿಗೂ ಆರು ತಿಂಗಳಲ್ಲಿ ನೆಂಟರು ಹುಟ್ಟುತ್ತಾರೆ ಬಿಡಿ"
ಎಂದರು ಅಧ್ಯಕ್ಷರು.
ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ ಬೆಳೆದವರು;
ಇಲ್ಲಿ ಟವೆಲು ಹೆಗಲ ಮೇಲೇ ಇತ್ತು,
ಆದರೂ ಮೇಜಿನ ಕೆಳಗೆಲ್ಲೋ
ಬೆರಳುಗಳು ಮಾತಾಡುತ್ತಿದ್ದವು.

ಮೇಷ್ಟ್ರನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿದ್ದೆವು.
ಅವರ ಜಾಗದ ಬಗ್ಗೆ ಮಾತಾಡುವಾಗ ಅವರಿರಬಾರದು, ನಿಯಮ.
ಕಿಟಕಿಯಿಂದ ಅವರ ಕೆಮ್ಮು ಒಳಬರುತ್ತಿತ್ತು. ಅದಕ್ಕೆ ನಿಯಮವಿಲ್ಲ.
ಒಂದೂವರೆಗೆ ಕರೆದೆವು:
ಹೊಸಬರಿಗೆ ಏನೇನು ವಹಿಸಬೇಕು, ಪಟ್ಟಿ ಕೊಡಿ.
ಪಟ್ಟಿ ಇರಲಿಲ್ಲ. ಜುಬ್ಬಾದ ಜೇಬಿನಿಂದ
ಬೀಗದ ಕೈಗೊಂಚಲು ತೆಗೆದಿಟ್ಟರು, ಒಂದೊಂದೇ ಸರಿಸುತ್ತ:
ಇದು ಯಲ್ದೂರು, ಬಾಗಿಲನ್ನು ತುಸು ಮೇಲೆತ್ತಿ ತಿರುಗಿಸಬೇಕು.
ಇದು ಗೌನಿಪಲ್ಲಿ, ಮಳೆ ಬಂದರೆ ಮೂರನೇ ಕ್ಲಾಸನ್ನು ನಾಲ್ಕಕ್ಕೆ ಸೇರಿಸಿ.
ಇದು ರೋಣೂರು; ಅಡುಗೆಯ ಪೆದ್ದಕ್ಕನಿಗೆ
ಮೊದಲು ಒಳ್ಳೆಯ ಮಾತು, ಲೆಕ್ಕ ಆಮೇಲೆ.
ಹೀಗೆ ಏಳಾಯಿತು.
ಗೊಂಚಲಿನಲ್ಲಿ ಇನ್ನೂ ಒಂದಿತ್ತು.

"ಅದು?" ಖಜಾಂಚಿ ಕೇಳಿದರು, ಸ್ಕೇಲು ಕೈಯಲ್ಲೇ.
"ಮುಚ್ಚಿದೆವಲ್ಲ ಸ್ವಾಮಿ, ಕೊಂಡಂವಾರಿಪಲ್ಲಿ.
ಕೊನೆಗೆ ಎರಡೇ ಮಕ್ಕಳಿದ್ದವು.
ತಿಂಗಳಿಗೊಂದು ಸಲ ಹೋಗಿ ಕಿಟಕಿ ತೆಗೀತೀನಿ,
ಗಾಳಿ ಆಡದಿದ್ದರೆ ಗೆದ್ದಲು ಹಿಡಿಯುತ್ತೆ."
ಮಕ್ಕಳೇ ಇಲ್ಲವಲ್ಲ, ಎಂದರು ಯಾರೋ.
"ಬೆಂಚಿದೆ" ಅಂದರು ಮೇಷ್ಟ್ರು.

ಆ ಪೆಟ್ರೋಲು ಯಾವ ಖಾತೆಯಲ್ಲಿದೆಯೆಂದು
ಚೌಡಪ್ಪ ಲೆಡ್ಜರು ಹಿಂದಕ್ಕೆ ಹಿಂದಕ್ಕೆ ಮಗುಚಿದರು.
ಯಾವ ಖಾತೆಯಲ್ಲೂ ಇರಲಿಲ್ಲ.

ಠರಾವು: ಹುಡುಕುವ ಬಗೆಯನ್ನು ಯೋಚಿಸಲು
ಮೂವರ ಉಪಸಮಿತಿ. ಮುಂದಿನ ಸಭೆ
ತೋತಾಪುರಿಯ ಕುಯಿಲು ನೋಡಿಕೊಂಡು.
ಟೀ ಹನ್ನೆರಡು, ನಿಪ್ಪಟ್ಟು ಹದಿನಾಲ್ಕು.

ಎಲ್ಲರೂ ಹೋದ ಮೇಲೆ ಕರಡು ಟೈಪು ಮಾಡಲು ಕೂತೆ.
ಬೇಕಾಗಿದ್ದಾರೆ. ಅರ್ಹತೆ. ಅನುಭವ.
ಸಂಬಳ ನಿಯಮಾನುಸಾರ.
ಮಕ್ಕಳಿಲ್ಲದ ಶಾಲೆಗೂ ಹೋಗಿ ಕಿಟಕಿ ತೆಗೆಯುವವರು,
ಎಂದು ಹೊಡೆದು, ಮೇಜಿನ ಮೇಲೆ ಬಿಟ್ಟುಹೋದ ಸ್ಕೇಲಿಟ್ಟು ಅಳೆದೆ.
ಒಂದು ಸಾಲು ಹೆಚ್ಚು.
ಖಜಾಂಚಿ ಒಪ್ಪುವುದಿಲ್ಲ.

"ಶಿಸ್ತು" ತೆಗೆದರೆ
ಹಿಡಿಸಬಹುದು.