ಬೂದಿಗುಡ್ಡದ ಪಕ್ಕ ಒಂದು ಸೂಲು

ಎರಡು ಬೂದಿಗಳ ನಡುವೆ ನಮ್ಮ ಕುಡಿತಿನಿ.
ಒಂದು, ಕಲ್ಲು ಮಸೆದು ಬಾಳಿದವರು
ಸಗಣಿ ಸುಟ್ಟು ಒಟ್ಟಿ ಹೋದದ್ದು,
ಮಳೆಗೂ ಕರಗದೆ ಗುಡ್ಡವಾಗಿ ನಿಂತದ್ದು.
ಇನ್ನೊಂದು, ಚಿಮಣಿ ದಿನವೂ ಉಗುಳುವುದು,
ಒಣಹಾಕಿದ ಸೀರೆ, ಮೆಣಸಿನಕಾಯಿ, ಮಕ್ಕಳ ತಲೆ
ಯಾವುದೂ ನೋಡದೆ ಬೀಳುವುದು.

ನಡುವೆ, ರಾತ್ರಿ ಎರಡೂವರೆಗೆ,
ಹೊನ್ನೂರಮ್ಮನ ಎಮ್ಮೆಯೊಳಗೆ
ಹೆಗಲತನಕ ನನ್ನ ಬಲಗೈ.

ಕರುವಿನ ಕತ್ತು ಹಿಂದಕ್ಕೆ ಮಡಚಿದೆ.
ಕಣ್ಣು ಮುಚ್ಚಿದರೇ ಬೆರಳಿಗೆ ಕಣ್ಣು ಬರುವುದು:
ಇದು ಮೊಣಕಾಲು,
ಇದು ಗೊರಸು, ಎಳನೀರಿನ ಗಂಜಿಯಷ್ಟು ಮೆತ್ತಗೆ,
ಇದು ಬಾಯಿ. ಎರಡು ಬೆರಳು ಇಟ್ಟೆ.
ಚೀಪಿತು.
ಇನ್ನೂ ಹುಟ್ಟದ್ದು,
ಹಾಲೆಂದರೆ ಏನೆಂದೇ ಕಾಣದ್ದು,
ಚೀಪಿತು.

ಮೊಬೈಲ್ ಬೆಳಕು ಹಿಡಿದ ಮೊಮ್ಮಗ ಗಾದಿಲಿಂಗ,
ಏಳನೇ ಕ್ಲಾಸು, ಕಣ್ಣಿಗೆ ನಿದ್ದೆ, ಬಾಯಿಗಿಲ್ಲ:
“ಮೇಡಮ್ಮಾರೆ, ಕೋಟಿ ವರ್ಷ ಆದಮ್ಯಾಲೆ
ಎಮ್ಮಿ ಏನಾಗಿರ್ತೈತೆ?”
“ಬೆಳಕು ಈ ಕಡೆ ಹಿಡಿಯೋ” ಅಂದೆ.

ಆದರೆ ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ
ಸ್ವಲ್ಪ ಪುರುಸೊತ್ತಿರುತ್ತದೆ.
ಕೈ ಒಳಗೇ ಇರುತ್ತದೆ, ಮನಸ್ಸು ಹೊರಡುತ್ತದೆ.

ಡ್ಯಾಮು ಆಗ ಹೂಳು ತುಂಬಿ ಹೊಸಪೇಟೆತನಕ ಕೆಸರು.
ಎಮ್ಮೆಯ ಕಾಲು ಮೊರದಷ್ಟು ಅಗಲ,
ಮೂಗು ನೆತ್ತಿಯ ಮೇಲೆ.
ಹಗಲೆಲ್ಲ ಕೆಸರಿನಡಿ ಮಲಗಿರುತ್ತದೆ,
ಮೇಲೆ ಎರಡು ತೂತು ಮಾತ್ರ ಉಸಿರಾಡುತ್ತವೆ.
ಕೊಂಬು? ಉದುರಿ ಎಷ್ಟೋ ಕಾಲ.

ಎಪಿಎಂಸಿ ಗೋದಾಮಿನ ಹೆಗ್ಗಣ
ಕತ್ತೆಯಷ್ಟು ಎತ್ತರ ಬೆಳೆದು
ಸಂಡೂರಿನ ಗುಡ್ಡ ಮೇಯುತ್ತದೆ ಹಿಂಡುಹಿಂಡಾಗಿ,
ಅದಿರಿನ ಬಣ್ಣದ ಕೂದಲು, ನಡಿಗೆಯಲ್ಲಿ ಗತ್ತು,
ಮುಂದೊಂದು ಮುದಿ ಹೆಣ್ಣು.
ಅದರ ತಾತನ ತಾತ ಹತ್ತಿಬೀಜದ ಕಳ್ಳ
ಎಂದರೆ ಯಾರು ನಂಬುತ್ತಾರೆ?

ಹಾರುವುದು ಬಿಟ್ಟ ಬಾವಲಿ
ಮಡಚಿದ ರೆಕ್ಕೆಯೂರಿ ಬಂಡೆ ಹತ್ತುತ್ತದೆ,
ಬೆಳಗಿನ ಜಾವ ಇಬ್ಬನಿ ನೆಕ್ಕಿ
ಮಧ್ಯಾಹ್ನ ಮರಿಗೆ ಛತ್ರಿಯಾಗಿ ನಿಲ್ಲುತ್ತದೆ.
ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ,
ಎಂದು ನಗುತ್ತೇವಲ್ಲ, ಆಗ ಒಂದೇ.

ದರೋಜಿಯ ಕರಡಿಗೆ ಹಲ್ಲಿಲ್ಲ,
ತುಟಿಯೇ ಒಂದು ಗೇಣು, ಗೆದ್ದಲಿಗೆ ಕೊಳವೆ.
ಬಂಡೆಗೆ ಬೆಲ್ಲ ಸವರುವವರೂ ಇಲ್ಲ.
ಆದರೂ ಸಂಜೆಯಾದರೆ ಬಂದು
ಬರಿ ಕಲ್ಲು ನೆಕ್ಕಿ ಹೋಗುತ್ತದೆ.
ಕಲಿತ ಚಟ ರಕ್ತಕ್ಕೆ ಇಳಿಯುವುದಿಲ್ಲ,
ಪರೀಕ್ಷೆಗೆ ನಾನೇ ಬರೆದಿದ್ದೇನೆ.
ಇರಲಿ. ಇದೊಂದು ನನ್ನ ಆಸೆ.

ನಮ್ಮ ಬಗ್ಗೆ ಗಾದಿಲಿಂಗ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ನೋವು ಬಂತು. ಎಮ್ಮೆ ಗೋಡೆಗೆ ಒರಗಿ ತಿಣುಕಿತು.
ಕತ್ತು ತಿರುಗಿತು, “ಎಳೀಬ್ಯಾಡ್ರಿ, ಅದs ಬರ್ಲಿ” ಎಂದಳು ಹೊನ್ನೂರಮ್ಮ,
ಗೊರಸು, ಗೊರಸು, ಮೂಗು,
ಆಮೇಲೆ ಬುಳಕ್ಕನೆ ಇಡೀ ಮೈ
ಹುಲ್ಲಿನ ಮೇಲೆ, ಹೊಗೆಯಾಡುತ್ತ, ಸುಮ್ಮನೆ.

ಮೂಗಿಗೆ ಹುಲ್ಲುಕಡ್ಡಿ ಹಾಕಿದೆ.
ಸೀನಿತು.
ತಾಯಿ ತಿರುಗಿ ನೆಕ್ಕತೊಡಗಿತು, ಗರಗಸದ ನಾಲಿಗೆ,
ಲೋಳೆ, ರಕ್ತ, ಚಿಮಣಿಯಿಂದ ಆಗಷ್ಟೇ ಬಿದ್ದ ಬೂದಿ,
ಎಲ್ಲ ಒಂದೇ ಎಂಬಂತೆ.

ಚಿಮಣಿಯ ಬೂದಿ ಗಾಳಿಗೆ ಹೋಗುತ್ತದೆ.
ಸಗಣಿಯದು ಉಳಿದೀತು, ಐದು ಸಾವಿರ ವರ್ಷ ಉಳಿದಿದೆಯಲ್ಲ.
ಅದರ ಮರೆಗೆ ಯಾವುದೋ ಒಂದು,
ಹೆಸರಿಡಲು ಯಾರೂ ಇಲ್ಲದ್ದು,
ಗಾಳಿ ತಪ್ಪಿಸಿ ಈಯಲು ಬರುತ್ತದೆ.
ಅಡ್ಡಲಾದರೆ ತಿರುಗಿಸಲು ಕೈಯಿಲ್ಲ.
ನಾಲಿಗೆ ಇರುತ್ತದೆ.

“ನಾಳಿಗೆ ಗಿಣ್ಣಕ್ಕ ಬರ್ರಿ.”
ಸೋಪು ಹಾಕಿ ಮೂರು ಸಲ ತೊಳೆದೆ,
ಎರಡು ಬೆರಳ ತುದಿಗೆ ಆ ಚೀಪು ಅಂಟಿಕೊಂಡೇ ಇತ್ತು.
ಗಾದಿಲಿಂಗ ಕರುವಿನ ಪಕ್ಕದಲ್ಲೇ ನಿದ್ದೆ ಹೋಗಿದ್ದ.
ರಿಜಿಸ್ಟರಿನಲ್ಲಿ ಬರೆದೆ:
ಎಮ್ಮೆ, ಮೂರನೇ ಸೂಲು, ಹೆಣ್ಣು ಕರು, ಕ್ಷೇಮ.
ಷರಾ ಎಂಬ ಕಾಲಂ ಖಾಲಿ ಬಿಟ್ಟೆ.