ಹನ್ನೊಂದನೇ ಪೆಟ್ಟು

ಮೂರು, ಸೊನ್ನೆ, ಎರಡು.
ವಾರಕ್ಕೆ ಮೂರು ಪಾಠ, ಟ್ಯುಟೋರಿಯಲ್ ಇಲ್ಲ, ಎರಡು ತಾಸು ಲ್ಯಾಬು.
ಕೆಲಸದ ಅಧ್ಯಯನವೆಂಬ ವಿಷಯವನ್ನು ಐದು ಘಟಕಕ್ಕೆ ಕೊಯ್ದು
ನಾಲ್ಕು ಕ್ರೆಡಿಟ್ಟಿನಲ್ಲಿ ಕೂರಿಸಬೇಕು ನಾನು
ಸೋಮವಾರದ ಸಭೆಗೆ ಮುಂಚೆ.
ಕೊನೆಯ ಕಾಲಮ್ಮು: ಬೋಧನಾ ವಿಧಾನ.
ತರಗತಿ, ಆನ್‌ಲೈನ್, ಮಿಶ್ರ.
ಯಾವುದಾದರೂ ಒಂದಕ್ಕೆ ಟಿಕ್ಕು.

ಹಾಲೇಶ ನೆನಪಾಗುತ್ತಾನೆ.
ಸಂಜೆಯ ಬ್ಯಾಚು, ಪರದೆಯ ತುಂಬ ನಲವತ್ತೊಂದು ಕರಿ ಚೌಕ,
ಚೌಕಕ್ಕೊಂದು ಹೆಸರು, ಮುಖವಿಲ್ಲ.
ಪ್ರಮಾಣ ಸಮಯವೆಂದರೆ ಸಹಜ ಸಮಯ,
ಅದರ ಮೇಲಿಷ್ಟು ರಿಯಾಯಿತಿ
ಎಂದು ಗೋಡೆಗೆ ಹೇಳುತ್ತಿದ್ದೆ.
ಆಗ ಯಾರದೋ ಮೈಕು ತೆರೆದುಕೊಂಡಿತು.

ಧಪ್. ಧಪ್. ಮರಳು ಬಡಿಯುವ ಸದ್ದು.
ದೊಡ್ಡ ಫ್ಯಾನಿನ ಬುಸುಬುಸು, ಅದರೊಳಗಿಂದ ಒಂದು ಕೂಗು:
"ಏಯ್ ಹಾಲೇಶಿ, ಲೇಡಲ್ ಬಂತು, ಸರಿಯೋ ಅತ್ಲಾಗೆ!"
ಮಾಚೇನಹಳ್ಳಿಯ ಫೌಂಡ್ರಿ, ಎರಡನೇ ಪಾಳಿ,
ಅಂಗಿಜೇಬಿನಲ್ಲಿ ನನ್ನ ತರಗತಿ.

ಮ್ಯೂಟ್ ಮಾಡಬೇಕಿತ್ತು. ಬೆರಳು ಅಲ್ಲಿಯವರೆಗೂ ಹೋಗಿತ್ತು.
ಯಾಕೋ ಹೇಳಿದೆ: ಎಲ್ಲರೂ ಎಣಿಸಿ.
ಒಂದು ಅಚ್ಚಿಗೆ ಎಷ್ಟು ಪೆಟ್ಟು, ನಡುವೆ ಎಷ್ಟು ಹೊತ್ತು.
ತುಸು ಹೊತ್ತಿಗೆ ಚಾಟಿನಲ್ಲಿ ಅಂಕಿಗಳು ಉದುರಿದವು.
ಹದಿನೆಂಟು. ಹತ್ತೊಂಬತ್ತು. ಹದಿನೆಂಟು.
ಸಾಗರದಿಂದ ಸುಹಾನಾ ಬರೆದಳು:
ಮೇಡಂ, ಹನ್ನೊಂದನೇ ಪೆಟ್ಟಿನ ಮೇಲೆ ಒಂದು ತಡ ಇದೆ,
ಪ್ರತಿ ಸಲ. ಯಾಕೆ?

ನನಗೂ ಗೊತ್ತಿರಲಿಲ್ಲ.
ಹದಿನಾಲ್ಕು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ.

ಶನಿವಾರ ಕಾಲೇಜಿನ ಬಸ್ಸು ಕೇಳಿ ಪಡೆದು ಹೋದೆವು,
ಹಾಳೆ ಸಿಕ್ಕಿಸಿದ ರಟ್ಟು, ಸ್ಟಾಪ್‌ವಾಚು,
ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಹೆಲ್ಮೆಟ್ಟು.
ಬಡಿಯುತ್ತಿದ್ದವಳು ಸೆಲ್ವಮ್ಮ, ಭದ್ರಾವತಿ ಹಳೇನಗರದವಳು.
ಹನ್ನೊಂದಾದ ಮೇಲೆ ಕೋಲನ್ನು ಎಡಗೈಗೆ ದಾಟಿಸುತ್ತಾಳೆ.
ಬಲಗೈ ಹೆಬ್ಬೆರಳು ಎಂದೋ ಸುಟ್ಟದ್ದು, ಪೂರ್ತಿ ಮಡಚುವುದಿಲ್ಲ.
"ಇದಕ್ಕೊಂದು ಮನೆ ಐತಾ ನಿಮ್ಮ ಹಾಳೇಲಿ?" ಎಂದಳು.
ಹುಡುಗರು ನನ್ನ ಕಡೆ ನೋಡಿದರು,
ನಾನು ಸ್ಟಾಪ್‌ವಾಚಿನ ಕಡೆ.
ಅದು ಓಡುತ್ತಲೇ ಇತ್ತು.

ಪುಸ್ತಕದ ಕೋಷ್ಟಕದಲ್ಲಿ ದಣಿವಿಗೆ ನೂರಕ್ಕೆ ನಾಲ್ಕು,
ನಿಂತು ಮಾಡಿದರೆ ಇನ್ನೆರಡು.
ಹೆಬ್ಬೆರಳಿಗೆ ಎಷ್ಟೆಂದು ಯಾರೂ ಬರೆದಿಲ್ಲ.

ವಿಭಾಗದ ಮುಖ್ಯಸ್ಥರು ಧರ್ಮೋಜಿರಾಯರು ಒಳ್ಳೆಯವರೇ.
"ರೆಕಾರ್ಡ್ ಮಾಡಿಬಿಡಿ ಮೇಡಂ,
ಒಮ್ಮೆ ಹೇಳಿದ್ದು ನೂರು ಸಲ ಓಡುತ್ತೆ" ಅನ್ನುತ್ತಾರೆ.
ದಕ್ಷತೆ ಕಲಿಸಿ ಸಂಬಳ ಎಣಿಸುವ ನಾನು
ಏನೆಂದು ಎದುರಾಡಲಿ?
ಅಷ್ಟಕ್ಕೂ ಆ ಫೋನಿಲ್ಲದಿದ್ದರೆ ಕಿವಿಗೆ ಬೀಳುತ್ತಿರಲಿಲ್ಲ ಆ ತಡ,
ಬಸ್ಸಿಲ್ಲದಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ ಆ ಬೆರಳು.

ಹಾಲೇಶನ ಹಾಜರಿ ನೂರಕ್ಕೆ ಅರವತ್ತೆರಡು. ಎಪ್ಪತ್ತೈದು ಬೇಕು.
ಕುಲುಮೆಯ ಹತ್ತಿರ ನೆಟ್‌ವರ್ಕ್ ಹೋಗುತ್ತದೆ ಎಂದು
ಅರ್ಜಿಯಲ್ಲಿ ಬರೆದಿದ್ದಾನೆ, ಕಾಗುಣಿತ ತಪ್ಪಿ, ಒತ್ತಕ್ಷರ ನುಂಗಿ.
ಅದಕ್ಕೂ ರಿಯಾಯಿತಿ ಎಂದೇ ಹೆಸರು ನಮ್ಮ ಕಚೇರಿಯಲ್ಲಿ.
ಸಹಿ ಹಾಕಿ ಪಕ್ಕಕ್ಕಿಟ್ಟೆ.

ಮತ್ತೆ ಫಾರಂ ತೆರೆದು, ಮೂರನೇ ಘಟಕದ ಎದುರು,
ಟಿಕ್ಕು ಇರಬೇಕಾದಲ್ಲಿ ಟೈಪು ಮಾಡಿದೆ:
ಹನ್ನೊಂದನೇ ಪೆಟ್ಟಿನವರೆಗೆ ಆನ್‌ಲೈನ್,
ಆಮೇಲೆ ಬಸ್ಸು.

ಚೌಕ ಕೆಂಪಾಯಿತು. ಅಮಾನ್ಯ ನಮೂದು.
ಅಳಿಸಿ,
ಮತ್ತೆ ಅದನ್ನೇ ಬರೆದೆ.