ಮೂರನೆಯ ಅಳತೆ

ಸೊಂಟದಿಂದ ಹಿಮ್ಮಡಿಗೆ ನಲವತ್ತೊಂಬತ್ತು ಇಂಚು.
ಎರಡು ಸಲ ಅಳೆದೆ. ಮೂರನೇ ಸಲಕ್ಕೆ
ಅವನೇ ನಕ್ಕು, ಬಗ್ಗಿ, ಟೇಪಿನ ತುದಿ ಹಿಡಿದುಕೊಂಡ.
ಫ್ಯಾನಿನ ಕೆಳಗೆ ನಿಲ್ಲಬೇಡಪ್ಪಾ ಅಂದೆ.
ಕೊತ್ತನೂರಿನಲ್ಲಿ ಮೂವತ್ತೆರಡು ವರ್ಷ
ಮದುಮಗರಿಗೆ, ಪಾದ್ರಿಗಳಿಗೆ, ಬ್ಯಾಂಡಿನವರಿಗೆ ಹೊಲಿದಿದ್ದೇನೆ,
ಈ ಚೌರಪ್ಪನ ಅಳತೆ ಪುಸ್ತಕದಲ್ಲಿ
ಇಂಥ ಸಂಖ್ಯೆ ಬಿದ್ದಿರಲಿಲ್ಲ.
ಕಾಲೇಜು ಮುಗೀತು, ಡಿಗ್ರಿ ತೆಗೆದುಕೊಳ್ಳುವ ದಿನಕ್ಕೆ
ಕರಿ ಕೋಟು, ಕರಿ ಪ್ಯಾಂಟು.

ಹೆಸರು? ಮಕ್ವೇಯ್.
ಬರೆದುಕೊಂಡೆ. ಓದಿ ಹೇಳಿದೆ. ತಲೆಯಾಡಿಸಿದ,
ಇರಲಿ ಬಿಡಿ ಅನ್ನುವ ಹಾಗೆ.
ಅದು ಹೋರಿಯ ಬಣ್ಣವಂತೆ:
ಮೈ ಕಪ್ಪು, ತಲೆ ಬಿಳಿ,
ಅವರ ನದಿಯಲ್ಲಿ ಮೀನಿಗೆ ಎರಗುವ ಹದ್ದಿನ ಹಾಗೆ.
ಅಮ್ಮನ ತೆರಕ್ಕೆ ಅಪ್ಪ ಕೊಟ್ಟ ದನಗಳಲ್ಲಿ
ಅಂಥದೊಂದು ಇತ್ತಂತೆ.
ನಮ್ಮ ಕೆರೆಯ ಮೇಲೂ ಸುತ್ತುತ್ತದಲ್ಲ, ಗರುಡ,
ಅಂತ ಬೆರಳು ತೋರಿಸಿದೆ.
ಬಹಳ ಹೊತ್ತು ನೋಡಿದ.
ತಲೆ ಸರಿ, ಮೈ ಕೆಂಪಾಯಿತು, ಅಂದ,
ಷೇಡು ಒಪ್ಪದೆ ಬಟ್ಟೆ ವಾಪಸ್ಸು ಮಾಡುವ ಗಿರಾಕಿಯಂತೆ.

ನಮ್ಮಜ್ಜನೂ ಎತ್ತನ್ನು ಬಣ್ಣ ಹಿಡಿದೇ ಕರೆಯುತ್ತಿದ್ದ:
ಕೆಂದ, ಕರಿಯ, ಮಚ್ಚ.
ಮಕ್ಕಳಿಗೆ ಮಾತ್ರ ಸಂತರ ಹೆಸರಿಟ್ಟ.

ಟ್ರಯಲ್ಲಿಗೆ ಬಂದ ದಿನ ಕರೆಂಟು ಹೋಗಿತ್ತು.
ನಿನ್ನ ಭಾಷೆ ಒಂದಿಷ್ಟು ಕಲಿಸು ಅಂದೆ, ಹೊತ್ತು ಹೋಗಲಿ ಅಂತ.
ಅವನು ಕುರ್ಚಿ ಎಳೆದು ಕೂತೇಬಿಟ್ಟ.
ಲೆಲ್, ಅಂದ: ನೀನು ಹಸುವನ್ನು ಮಂದೆಯಿಂದ ಬೇರೆ ಮಾಡುತ್ತೀಯ.
ಲೇಲ್: ಅವನು ಬೇರೆ ಮಾಡುತ್ತಾನೆ.
ಲೇಏಲ್: ನೀನು ಕೆಣಕುತ್ತೀಯ.
ನಾನು ಬಾಯಿಬಿಟ್ಟಾಗಲೆಲ್ಲ ಕೆಣಕಿದ್ದೇ ಆಯಿತು.
ಪಕ್ಕದ ಗ್ಯಾಸಿನ ಹುಡುಗ ಸಿಲಿಂಡರು ಇಳಿಸಿ ನಿಂತು ನಕ್ಕ.
ಕೆಲವು ಮಾತಿಗೆ ಉಸಿರು ಬೆರೆಸಬೇಕಂತೆ,
ಕನ್ನಡಿ ಒರೆಸುವ ಮೊದಲು ಊದುತ್ತೇವಲ್ಲ, ಹಾಗೆ.
ಅದು ಕಿವಿಗೆ ಬಂತು. ಬಾಯಿಗೆ ಬರಲಿಲ್ಲ.

ಆಗ ನೆನಪಾಯಿತು, ಐದನೇ ಕ್ಲಾಸು,
ಮೇಜಿನ ಮುಂದೆ ಮೇಷ್ಟ್ರು ಹುಂಜವಾಗಿ ಕೂಗಿದ್ದು:
ಕು ಹ್ರಸ್ವ, ಕೂ ದೀರ್ಘ, ಕೂ೩ ಪ್ಲುತ.
ಒಂದು ಮಾತ್ರೆ, ಎರಡು, ಮೂರು.
ಮೂರನೆಯದು ದೂರದವರನ್ನು ಕರೆಯುವುದಕ್ಕೆ,
ಪರೀಕ್ಷೆಗೆ ಬರೋದಿಲ್ಲ, ಬಿಡಿ, ಅಂದಿದ್ದರು.
ಬಿಟ್ಟೆವು.
ಇವರು ಮಗ್ಗುಲಲ್ಲಿ ಕೂತವರ ಜೊತೆಗೂ
ಅದರಲ್ಲೇ ಆಡುತ್ತಾರೆ.
ಅಳತೆ ಪುಸ್ತಕದಲ್ಲಿ, ಭುಜದ ಲೆಕ್ಕದ ಕೆಳಗೆ
ಬರೆದಿಟ್ಟೆ: ಲೇ೩ಲ್.

ಕೋಟು ತೊಡಿಸುವಾಗ ಫೋನು ಬಂತು. ಅಮ್ಮ, ಅಂದ.
ಊರಿನ ಹೆಸರು ಬೋರ್.
ನಮ್ಮಲ್ಲಿ ಬೋರು ಅಂದರೆ ಬತ್ತಿಹೋದದ್ದು,
ಅಲ್ಲಿ ಹೊಳೆ ಮನೆಯೊಳಗೆ ಬಂದು
ಮೂರು ವರ್ಷವಾಯಿತು, ಇಳಿದಿಲ್ಲ.
ಸ್ಪೀಕರಿನಲ್ಲಿ ಆಕೆಯ ದನಿ ತುಂಡು ತುಂಡು.
ಒಂದೊಂದು ಸ್ವರದಲ್ಲೂ ನೆಟ್‌ವರ್ಕು
ಒಂದು ಮಾತ್ರೆ ಕತ್ತರಿಸಿ ಕೊಡುತ್ತಿತ್ತು,
ನನ್ನ ಕಸುಬು ಕಲಿಯದವರ ಕತ್ತರಿ.
ಏನು, ಏನು, ಅಂದ ಅವನು, ಅವರ ಮಾತಿನಲ್ಲಿ;
ಅಷ್ಟು ನನಗೆ ತಿಳಿಯಿತು.
ಹಸುವನ್ನು ಬೇರೆ ಮಾಡಿದ್ದು ನೀನು ಎಂದಳೋ,
ಅವನು ಎಂದಳೋ,
ಯಾರೋ ಯಾರನ್ನೋ ಕೆಣಕಿದರೋ.

ಅರ್ಧ ಹೊಲಿದ ಕೋಟಿನಲ್ಲೇ ರಸ್ತೆಗಿಳಿದ.
ಒಂದು ತೋಳಿದೆ, ಒಂದಿಲ್ಲ,
ಕಪ್ಪಿನ ಮೇಲೆಲ್ಲ ಬಿಳಿ ಕಚ್ಚಾ ಹೊಲಿಗೆ.
ಸಿಗ್ನಲ್ಲಿಗೆ ಮೇಲೆತ್ತಿದ ಕೈ
ಒಂದೇ ಕೊಂಬಿನ ಹಾಗೆ ಬಾಗಿ,
ಹೆಣ್ಣೂರು ರಸ್ತೆಯ ಬಸ್ಸುಗಳಿಗಿಂತ ಎತ್ತರ.
ಬೆನ್ನ ಹಿಂದೆ ನೀರಿನ ಟ್ಯಾಂಕರು ಬರುತ್ತಿತ್ತು.
ಹೊಸ್ತಿಲಲ್ಲಿ ನಿಂತು, ಬಾಯಲ್ಲಿದ್ದ ಗುಂಡುಸೂಜಿ ಉಗಿದು
ಕೂಗಿದೆ:
ಮಕ್ವೇ೩ಯ್!

ತಿರುಗಿದ.
ಹೆಸರು ಈಗ ಸರಿಯಾಯಿತೇ ಅಂತ ಕೇಳಲಿಲ್ಲ.

ಶುಕ್ರವಾರ ಒಯ್ದ. ಇನ್ನೂರು ಬಾಕಿ.
ಪ್ಯಾಂಟಿನ ಕಾಲಮಡಿಕೆಯೊಳಗೆ
ಎರಡಿಂಚು ಬಟ್ಟೆ ಬಿಟ್ಟಿದ್ದೇನೆ.
ಬೆಳೆಯುವ ವಯಸ್ಸಲ್ಲ ಅವನದು. ಆದರೂ.